ಕೆಳತುಟಿಗೆ ತಾಗಿಸಿದ ತುಣುಕು

ನಿನಗೆ ಹೇಳದೆ ನಿನ್ನ ತಟ್ಟೆಗೆ ಏನೂ ಹಾಕಲ್ಲ ಪುಟ್ಟೀ, ಎಂದು ನಾನು ಮಾತು ಕೊಟ್ಟಾಗ ಅವಳಿಗೆ ಮುಂದಿನ ಹಲ್ಲು ಬಿದ್ದು ಇನ್ನೂ ಬಂದಿರಲಿಲ್ಲ, ಆ ಸಂದಿಯಲ್ಲಿ ನಾಲಿಗೆ ಆಡಿಸುತ್ತ ನನ್ನನ್ನೇ ನೋಡುತ್ತಿದ್ದಳು, ಈಗಲೂ ಎದುರಿಗೇ ಕೂತಿದ್ದಾಳೆ, ಅಡುಗೆಮನೆ ಮೇಜಿನ ಆ ಬದಿಗೆ, ಹಲ್ಲೆಲ್ಲ ಬಂದಿವೆ, ಭೂಪಟಕ್ಕೆ ಬಣ್ಣ ಹಚ್ಚುತ್ತಿದ್ದಾಳೆ, ಸಮುದ್ರಕ್ಕೆ ನೀಲಿ — ನೀಲಿ ನೋಡಬಾರದು ನಾನು, ನೀಲಿ ಎಂದರೆ ಆ ಕಾಳಿನ ಹೂವು, ಪೊಟ್ಟಣದ ಮೇಲೆ ಅಚ್ಚಾದ ಹೂವು — ನಾದುವ ಕೈ ನಿಲ್ಲಬಾರದು, ನಿಂತರೆ ತಲೆ ಎತ್ತಿ ಏನಮ್ಮಾ ಎನ್ನುತ್ತಾಳೆ. ಒಂದು ಬ್ರೆಡ್ಡು ಓವನ್ನಿನಲ್ಲಿ ಉಬ್ಬುತ್ತಿದೆ, ನಾಳೆಯದ್ದು ನನ್ನ ಕೈಯಲ್ಲಿ. ಅಂಗಡಿ ಬ್ರೆಡ್ಡಿನ ಕವರಿನ ಮೇಲೆ, ಕಡಲೆಕಾಯಿ ಅಂಶ ಇದ್ದರೂ ಇರಬಹುದು, ಎಂದು ಬರೆದಿರುತ್ತಾರಲ್ಲ, ಆ ಇದ್ದರೂ ಇರಬಹುದು ಎನ್ನುವುದರ ಜೊತೆ ಬಾಳಲಾಗದೆ ಮನೆಯಲ್ಲೇ ಸುಡಲು ಕಲಿತವಳು ನಾನು, ಆಸ್ಪತ್ರೆ ಲಾಂಡ್ರಿಯಲ್ಲಿ ಹಗಲೆಲ್ಲ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬಂದು ಮತ್ತೆ ಬಿಸಿಯ ಮುಂದೆ ನಿಂತವಳು, ಅಮ್ಮ ನೀನೇ ಒಂದು ಇಸ್ತ್ರಿ ಪೆಟ್ಟಿಗೆ ಎಂದು ಇವಳ ತಮಾಷೆ. ಯಾರದೋ ಮನೆಯ ಕೇಕಿನಲ್ಲಿ ಕಡಲೆಕಾಯಿ ಪುಡಿ ಇತ್ತು ಆವತ್ತು, ಕೊಟ್ಟವರಿಗೂ ಗೊತ್ತಿರಲಿಲ್ಲ, ಮುಖ ಊದಿ ಕಣ್ಣು ಮುಚ್ಚಿಹೋಗಿ ಉಸಿರು ಸೀಟಿ ಹೊಡೆಯಿತು, ಉಳಿದಳು, ಉಳಿದವಳು ಬಾಯಿ ತೆರೆಯಲೊಲ್ಲಳು, ನೀರಿನ ಲೋಟವನ್ನೂ ಮೂಸುವಳು, ಆಗ ಕೊಟ್ಟ ಮಾತು ಅದು, ಮಾತು ಕೊಟ್ಟ ಮೇಲೆ ಬಾಯಿ ತೆರೆದಳು. ಹೊರಗೆ ಮಾತ್ರ ತನ್ನದೇ ಒಂದು ಉಪಾಯ, ಯಾರು ಏನು ಕೊಟ್ಟರೂ ಒಂದು ತುಣುಕು ಮುರಿದು ಕೆಳತುಟಿಗೆ ತಾಗಿಸಿ ಸುಮ್ಮನೆ ಕಾಯುವುದು, ಚುರುಗುಟ್ಟದಿದ್ದರೆ ತಿನ್ನುವುದು, ಅದನ್ನೆಲ್ಲ ನಂಬಬೇಡಮ್ಮ ಎಂದು ಡಾಕ್ಟರು ಹೇಳಿದರೂ ಬಿಟ್ಟಿಲ್ಲ. ಮನೆಯಲ್ಲಿ ಒಂದು ದಿನವೂ ತಾಗಿಸಿ ನೋಡಿದವಳಲ್ಲ, ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವಳು, ಅದನ್ನು ನೋಡುತ್ತ ನಿಲ್ಲುವುದೇ ನನಗೊಂದು ಹೆಮ್ಮೆ, ಹೆಮ್ಮೆಯಾಗಿತ್ತು.

ತಮ್ಮ ಬಂದು ಹೇಳಿದ್ದೂ ಇದೇ ಮೇಜಿನ ಮುಂದೆ, ನನ್ನ ಒಬ್ಬನೇ ತಮ್ಮ, ಒಂದು ಸಣ್ಣ ಹಿಟ್ಟಿನ ಕಂಪನಿಯಲ್ಲಿ ಕಾಳು ಒಣಗಿಸುವ ಯಂತ್ರ ನೋಡಿಕೊಳ್ಳುವವನು, ಅಕ್ಕಾ, ಮಾಂಸದಷ್ಟೇ ಶಕ್ತಿ ಇರೋ ಹಿಟ್ಟು ಕಣೇ, ಕಾಳಿಂದ, ಹೊರಗಿನವರಿಗೆ ಪಾಲು ಕೊಡ್ತಿದಾರೆ, ಈಗ ಹಾಕಿದವರು ಮುಂದೆ ಕೂತು ತಿಂತಾರೆ, ಆಹಾರ ಇಲಾಖೆ ಅನುಮತಿ ಒಂದು ಬಂದುಬಿಡಲಿ. ಇವಳ ಓದಿಗೆಂದು ಕೂಡಿಟ್ಟದ್ದನ್ನು ಪೂರ್ತಿ ಹಾಕಿದೆ, ಇವಳಿಗಾಗಿಯೇ ಎಂದುಕೊಂಡು ಹಾಕಿದೆ, ಆಮೇಲೆ ಮಾಡಿದ್ದನ್ನೂ ಇವಳಿಗಾಗಿಯೇ ಎಂದುಕೊಂಡೆ, ಎಷ್ಟು ಅನುಕೂಲದ ಮಾತು. ಅನುಮತಿ ಬರಲಿಲ್ಲ. ಚಳಿ ಹೋಗಿ ಸೆಕೆ ಬಂತು, ಅನುಮತಿ ಬರಲಿಲ್ಲ, ಫೈಲು ಟೇಬಲ್ ಮೇಲೇ ಇದೆಯಂತೆ ಅಕ್ಕಾ, ಎನ್ನುವನು ತಮ್ಮ, ಯಾರ ಟೇಬಲ್ಲೋ ಎಂದರೆ ನಗುವನು, ಆಮೇಲೆ ಅವನ ನಗುವೂ ನಿಂತಿತು. ಲಾಂಡ್ರಿಯಲ್ಲಿ ದಿಂಬಿನ ಚೀಲ ಮಡಿಸುತ್ತ ಮಡಿಸುತ್ತ ಆ ಟೇಬಲ್ಲೇ ಕಣ್ಣಮುಂದೆ. ಆಮೇಲೆ ಪಾಲುದಾರರನ್ನೆಲ್ಲ ಶೆಡ್ಡಿಗೆ ಕರೆದರು, ಸ್ಟೀಲ್ ತೊಟ್ಟಿಗಳ ನಡುವೆ ಪ್ಲಾಸ್ಟಿಕ್ ಕುರ್ಚಿ, ಹಸಿ ಹುಲ್ಲಿನ ವಾಸನೆ, ಮಾಲೀಕರು, ಮೊದಲು ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದವರು, ಟೀ ಕೊಡಿಸಿ ನಿಧಾನವಾಗಿ ಹೇಳಿದರು, ಇಲಾಖೆಯವರು ಒಂದೇ ಪ್ರಶ್ನೆಗೆ ಜೋತುಬಿದ್ದಿದ್ದಾರೆ, ಕಡಲೆಕಾಯಿ ಆಗದವರಿಗೆ ಈ ಕಾಳು ಆಗುತ್ತಾ ಅಂತ, ಎರಡೂ ಒಂದೇ ಕುಲದ ಗಿಡವಂತೆ, ಅಂಥವರನ್ನ ನಾನೆಲ್ಲಿಂದ ಹುಡುಕಿಕೊಂಡು ಬರಲಿ ಹೇಳಿ, ಎಂದು ನಕ್ಕರು, ಎಲ್ಲರೂ ನಕ್ಕರು, ತಮ್ಮ ನಗಲಿಲ್ಲ, ನನ್ನತ್ತ ಒಮ್ಮೆ ನೋಡಿ ತಕ್ಷಣ ಕಣ್ಣು ತಪ್ಪಿಸಿದ, ಪಾಪ ಅವನಿಗೆ ಹೆದರಿಕೆ ಆದದ್ದು, ಸೋದರಮಾವನಿಗೆ ಆಗಬೇಕಾದ ಹೆದರಿಕೆ — ಹೆತ್ತವಳಿಗೆ ಆದದ್ದೇನು, ಟೀ ಲೋಟದ ಅಂಚು ಕಚ್ಚಿಕೊಂಡು ಕೂತವಳಿಗೆ ಹೊಳೆದದ್ದೇನು, ನಮ್ಮನೇಲಿ ಒಬ್ಬಳಿದ್ದಾಳಲ್ಲ.

ಅಷ್ಟೇ, ಆ ಒಂದು ಯೋಚನೆ, ಅದನ್ನು ಯಾವ ಬಿಸಿನೀರಿನಲ್ಲಿ ನೆನೆಸಿದರೂ ಹೋಗುವ ಕಲೆಯಲ್ಲ. ಹೊರಡುವಾಗ ಎಲ್ಲರ ಕೈಗೂ ಒಂದೊಂದು ಪೊಟ್ಟಣ, ಮಾರಾಟಕ್ಕಲ್ಲ ಎಂದು ಮುದ್ರೆ, ನಾಯಿಮರಿ ಮುಟ್ಟುವ ಹಾಗೆ ಮುಟ್ಟಿದೆ ಅದನ್ನು. ಇವಳಿಗೆ ಏನೂ ಆಗದಿದ್ದರೆ ಇಲಾಖೆಯ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ, ಇದೇ ಪಾತ್ರೆಯಲ್ಲಿ, ಇದೇ ಹಿಟ್ಟಿಗೆ, ಮೊದಲು ಪೊಟ್ಟಣದ್ದು ಒಂದು ಚಿಟಿಕೆ. ಏನೂ ಆಗಲಿಲ್ಲ. ಜಾಮ್ ಸವರಿಕೊಂಡು ತಿಂದಳು, ಇವತ್ತು ಚೆನ್ನಾಗಿ ಉಬ್ಬಿದೆಯಲ್ಲಮ್ಮಾ ಎಂದಳು, ನಾನು ಬಾಗಿಲ ಮರೆಯಲ್ಲಿ ನಿಂತು ಅವಳ ತುಟಿ, ಕೊರಳು, ಕಿವಿಯ ಹಿಂದೆ ನೋಡಿದೆ, ಕೆಂಪಿಲ್ಲ, ಎಷ್ಟು ಖುಷಿಯಾಯಿತು ಎಂದರೆ ಆವತ್ತು ಲಾಂಡ್ರಿಗೆ ಬಸ್ಸು ಹತ್ತದೆ ನಡೆದೇ ಹೋದೆ, ದಾರಿಯುದ್ದಕ್ಕೂ ಕಣ್ಣಮುಂದೆ ಸೀಲು ಬಿದ್ದ ಕಾಗದ, ಕಾಲೇಜಿನ ಗೇಟು. ಖುಷಿ ಇವಳು ಉಳಿದಳೆಂದಲ್ಲ, ಇವಳನ್ನು ಅಪಾಯಕ್ಕೆ ದೂಡಿದ್ದೇನೆ ಎಂದೇ ನಾನು ಒಪ್ಪಿಕೊಂಡಿರಲಿಲ್ಲ, ದುಡ್ಡು ಉಳಿಯಿತೆಂದು ಖುಷಿ. ಮಾರನೆಯ ದಿನ ಒಂದು ಚಮಚ, ತುಂಬಿದ ಚಮಚ, ಡಬ್ಬಿಗೆ ಹಾಕಿ ಶಾಲೆಗೆ ಕಳಿಸಿದೆ. ಮಧ್ಯಾಹ್ನ ಫೋನು. ತೊಟ್ಟ ಬಟ್ಟೆಯ ತೋಳು ಒದ್ದೆ, ಹಾಗೇ ಓಡಿದೆ, ಶಾಲೆಯ ನರ್ಸಮ್ಮ ಅಷ್ಟರಲ್ಲಿ ತೊಡೆಗೆ ಸೂಜಿ ಚುಚ್ಚಿದ್ದರು, ಬದುಕಿಸಿದವರು ಅವರು, ತುಟಿ ಊದಿ ಹೊಳೆಯುತ್ತಿತ್ತು, ಮೂಗು ಗಲ್ಲ ಎಲ್ಲ ಯಾರದೋ ಮಗುವಿನವು. ಹೊಸದಾಗಿ ಏನಾದರೂ ತಿಂದಳೇನಮ್ಮಾ, ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, ಇಲ್ಲ ಎಂದೆ, ನಾಲಿಗೆ ತಡವರಿಸಲೂ ಇಲ್ಲ. ಇವಳೇ ಆಮೇಲೆ ಎಳೆದೆಳೆದು ಹೇಳಿದಳು, ಬಿಸ್ಕತ್ತು, ಕ್ಲಾಸಿನಲ್ಲಿ ಪಕ್ಕ ಕೂರುವ ಹುಡುಗಿ ಕೊಟ್ಟ ಬಿಸ್ಕತ್ತು, ತುಟಿಗೆ ತಾಗಿಸಿ ನೋಡಿದ್ದೆ ಅಮ್ಮಾ, ಸರಿಯಾಗಿ ಕಾಯಲಿಲ್ಲ ಅನ್ಸುತ್ತೆ. ಆ ಹುಡುಗಿ, ನಮ್ಮಲ್ಲಿಗೆ ಬಂದರೆ ಮನೆಯೆಲ್ಲ ಗುಡುಗುಡು ಎನ್ನುವುದಕ್ಕೆ ಗುಡುಗು ಎಂದೇ ಕರೆಯುವ ಆ ಒಬ್ಬಳೇ ಗೆಳತಿ, ಆಸ್ಪತ್ರೆಯ ಬಾಗಿಲಲ್ಲಿ ಬಿಸ್ಕತ್ತಿನ ಖಾಲಿ ಕವರು ಹಿಡಿದು ಅಳುತ್ತಿದ್ದಳು, ಆಂಟೀ ಇದ್ರಲ್ಲಿ ಕಡಲೆಕಾಯಿ ಇಲ್ಲ ನೋಡಿ ಆಂಟೀ ಅಂತ, ಸಂಜೆ ಅವಳಮ್ಮ ಫೋನ್ ಮಾಡಿ ಕ್ಷಮಿಸಿಬಿಡಿ ಎಂದು ಗೋಗರೆದರು, ನಾನು — ಇದನ್ನು ಯಾರಿಗೆ ಹೇಳಲಿ — ನಾನು ಕ್ಷಮಿಸಿದೆ, ಮಕ್ಕಳಲ್ವಾ, ಪರವಾಗಿಲ್ಲ ಬಿಡಿ ಎಂದೆ, ದೊಡ್ಡ ಮನಸ್ಸು ನಿಮ್ಮದು ಎಂದರು ಆಕೆ. ಉಳಿದ ಬ್ರೆಡ್ಡನ್ನು ಕಸಕ್ಕೆ ಹಾಕಿದೆ, ಪೊಟ್ಟಣವನ್ನು ಮಾತ್ರ ಸೋಪಿನ ಪುಡಿ ಡಬ್ಬಿಯ ಹಿಂದೆ ತಳ್ಳಿದೆ, ಎಸೆಯಲಿಲ್ಲ, ಯಾಕೆ ಎಸೆಯಲಿಲ್ಲ, ಅದರಲ್ಲಿ ನನ್ನ ಪಾಲಿತ್ತು.

ಫೋನು ಬಡಿದುಕೊಳ್ಳುತ್ತಿದೆ, ಕೈಯೆಲ್ಲ ಹಿಟ್ಟು, ಇವಳೇ ಎತ್ತಿ ನನ್ನ ಕಿವಿಗೆ ಹಿಡಿದಳು, ಖುಷಿಗೆ ತಮ್ಮನ ದನಿ ಹಿಡಿತದಲ್ಲಿಲ್ಲ, ಬಂತು ಅಕ್ಕಾ, ಅನುಮತಿ ಬಂತು, ಇನ್ಮೇಲೆ ನಿನ್ನ ಅಕ್ಕ ಅನ್ನಲ್ಲ, ಮೇಡಂ ಅಂತೀನಿ. ಆ ಪ್ರಶ್ನೆ ಏನಾಯಿತೋ ಎಂದೆ. ಅದಾ, ಅದೇನಿಲ್ಲ, ಪೊಟ್ಟಣದ ಮೇಲೆ ಒಂದು ಸಾಲು ಹಾಕಿ ಅಂದ್ರು, ಕಡಲೆಕಾಯಿ ಆಗದವರು ತಿನ್ನಬಾರದು ಅಂತ, ಅವರ ಹತ್ರ ಹಳೇ ವರದಿಗಳೆಲ್ಲ ಇದ್ವಂತೆ, ಅಷ್ಟೇ. ಅಷ್ಟೇ. ಒಂದು ಸಾಲು. ಯಾರಿಗೂ ಏನನ್ನೂ ತಿನ್ನಿಸದೆ ಬರೆಯಬಹುದಾದ ಒಂದು ಸಾಲು, ಅನುಮತಿ ಹೇಗಿದ್ದರೂ ಬರುತ್ತಿತ್ತು, ನಾನು ಕೈ ಕಟ್ಟಿಕೊಂಡು ಕೂತಿದ್ದರೂ ಬರುತ್ತಿತ್ತು, ಅದು ಬಂದಿತು, ದುಡ್ಡು ಉಳಿಯಿತು. ಮಾಮಂಗೆ ಯಾಕಮ್ಮ ಅಷ್ಟು ಖುಷಿ, ಎನ್ನುತ್ತಾಳೆ, ಉತ್ತರಕ್ಕೆ ಕಾಯದೆ ಮತ್ತೆ ಬಣ್ಣಕ್ಕೆ ಬಗ್ಗುತ್ತಾಳೆ. ಓವನ್ನಿನಿಂದ ಬ್ರೆಡ್ಡು ತೆಗೆದೆ, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಬ್ರೆಡ್ಡು ಇದು, ಇಷ್ಟು ದಿನ ಹಾಲು ಹಣ್ಣಿನಲ್ಲೇ ಕಳೆದಳು, ಹೋಳು ಕೊಯ್ದು ತಟ್ಟೆಗೆ ಹಾಕಿದೆ, ಬರೀ ಹಿಟ್ಟು, ನೀರು, ಯೀಸ್ಟು, ಉಪ್ಪು, ಎಲ್ಲ ಪಾತ್ರೆಯನ್ನೂ ಕುದಿಸಿ ತೊಳೆದಿದ್ದೇನೆ. ಅವಳು ಪೆನ್ಸಿಲ್ ಇಟ್ಟು, ನಾಳೆ ಟೀಚರ್ ಹತ್ರ ಹೇಳಿ ಜಾಗ ಬದಲಾಯಿಸ್ಕೋತೀನಮ್ಮ, ಗುಡುಗು ಪಕ್ಕ ಇನ್ನು ಕೂರಲ್ಲ, ಎಂದಳು, ಅಳದೆ, ದೊಡ್ಡವರ ಹಾಗೆ. ಇಲ್ಲಿ ಸುಮ್ಮನಿದ್ದರೆ ಎಲ್ಲ ಸಲೀಸು, ಜಾಗ ಬದಲಾಗುತ್ತದೆ, ಕಾಲೇಜಿಗೆ ದುಡ್ಡಾಗುತ್ತದೆ, ಕೇಳುವವರಿಲ್ಲ — ಬಿಸ್ಕತ್ತಲ್ಲ ಪುಟ್ಟೀ, ಬ್ರೆಡ್ಡು, ಅದರಲ್ಲಿ ಮಾಮನ ಕಂಪನಿ ಹಿಟ್ಟು ಹಾಕಿದ್ದೆ, ನಾನೇ ಹಾಕಿದ್ದೆ. ಯಾರ ದನಿ ಇದು, ನನ್ನದೇ. ಗೊತ್ತಿಲ್ದೆನಾ, ಎಂದಳು. ಇಲ್ಲ. ಮತ್ತೆ, ಏನಾಗುತ್ತೆ ನೋಡೋಕಾ? ಹೂಂ ಎಂದೆ. ಕಿರುಚುತ್ತಾಳೆ ಎಂದುಕೊಂಡೆ, ತಟ್ಟೆ ದೂಡುತ್ತಾಳೆ, ಎದ್ದು ಹೋಗುತ್ತಾಳೆ, ಏನೂ ಇಲ್ಲ, ಬಿಸಿ ಹೋಳಿನಿಂದ ಒಂದು ತುಣುಕು ಮುರಿದಳು, ಬೆರಳಿಗೆ ಸಮುದ್ರದ ಬಣ್ಣ ಅಂಟಿದೆ, ತುಣುಕನ್ನು ಎತ್ತಿದಳು, ಕೆಳತುಟಿಗೆ ತಾಗಿಸಿದಳು, ಇಲ್ಲಿ, ನಮ್ಮ ಮನೆಯಲ್ಲಿ, ನನ್ನ ಮುಂದೆ, ನನ್ನ ಮುಖವನ್ನೇ ನೋಡುತ್ತ, ಕಾಯುತ್ತಿದ್ದಾಳೆ, ತುಟಿಯ ಮೇಲೆ ತುಣುಕು, ಕಾಯುತ್ತಿದ್ದಾಳೆ, ತುಟಿಯ ಮೇಲೆ ತುಣುಕು.

ಹೇಳದೆ ಅವಳ ತಟ್ಟೆಗೆ ಏನೂ ಹಾಕುವುದಿಲ್ಲ ಎಂದಿದ್ದೆ. ಹಾಕಿದೆ.