ಹಳದಿ ಅಂಗಿಯ ಮೇಲಿನ ಮುಖ

ಮೆಂಫಿಸ್‌ನ ಆ ಕೇರಿಯಲ್ಲಿ ಯಾರಾದರೂ ತೀರಿಕೊಂಡರೆ ಪಾಸ್ಟರ್‌ಗೆ ಸುದ್ದಿ ಮುಟ್ಟುವ ಮುಂಚೆಯೇ ಲವಾಂಡಾಳ ಅಂಗಡಿಗೆ ಫೋನ್ ಬರುತ್ತಿತ್ತು. ಹೋದವರ ಮುಖವಿರುವ ಟೀ-ಶರ್ಟು ತೊಟ್ಟು ಇಡೀ ಬಳಗ ಚರ್ಚಿಗೆ ಹೋಗಬೇಕಲ್ಲ! ಹೆಬ್ಬೆರಳಷ್ಟು ಫೋಟೋ ಕಳಿಸಿ ಎದೆಯಗಲಕ್ಕೆ ಬರಲಿ ಎನ್ನುವ ಪುಣ್ಯಾತ್ಮರೇ ಹೆಚ್ಚು. ಅದನ್ನು ತಿದ್ದಿ, ಹಿನ್ನೆಲೆ ಕತ್ತರಿಸಿ, ಬಟ್ಟೆಗೆ ಬಿಸಿಯೊತ್ತಿ ಚಿತ್ರ ಇಳಿಸುವ ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಅಚ್ಚಾಗುವ ಹದಕ್ಕೆ ತರುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಅವಳಿಗೆ. ಜಂಬಪಡುವಷ್ಟು ಕೆಲಸ ಬರುತ್ತಿತ್ತು ಕೂಡ.

ಮಿಸ್ ಅರ್ಲೀನ್ ಅವರ ಒಬ್ಬನೇ ಮಗ ಡರ್ನೆಲ್, ಇಪ್ಪತ್ತಾರರ ಹುಡುಗ, ಬೈಕಿನಿಂದ ಬಿದ್ದು ಹೋಗಿಬಿಟ್ಟ. ಶನಿವಾರ ಮಣ್ಣು. ನಲವತ್ತೆರಡು ಕಪ್ಪು ಅಂಗಿ ಬೇಕೆಂದು ಹೇಳಿಕಳಿಸಿದ್ದರು. ಡರ್ನೆಲ್‌ನನ್ನು ಸಂಡೇ ಸ್ಕೂಲಿನಲ್ಲಿ ಕೂರಿಸಿಕೊಂಡು ಪಾಠ ಹೇಳಿದವಳೇ ಲವಾಂಡಾ. ನಗುತ್ತಿರುವ ಫೋಟೋ ಆರಿಸಿ, ಅದರಲ್ಲಿದ್ದ ಕಪ್ಪನ್ನೆಲ್ಲ ಜೋಪಾನವಾಗಿ ಅಳಿಸಿದಳು. ಕಪ್ಪು ಅಂಗಿಗೆ ಕಪ್ಪು ಮಸಿ ಯಾಕೆ? ಅಳಿಸಿದ ಕಡೆ ಬಟ್ಟೆಯ ಬಣ್ಣವೇ ಸಾಕು, ಅಚ್ಚೂ ರಟ್ಟಿನ ಹಾಗೆ ಬಿರುಸಾಗದೆ ಮೆತ್ತಗಿರುತ್ತದೆ.

ಶುಕ್ರವಾರ ಬೆಳಿಗ್ಗೆ, ಫಿಲ್ಮೆಲ್ಲ ಅಚ್ಚಾದ ಮೇಲೆ, ಅರ್ಲೀನ್ ಫೋನ್ ಮಾಡಿದರು.

"ಕಪ್ಪು ಬೇಡ ಕಣೇ. ನನ್ ಮಗ ಹುಟ್ಟಿದ್ಮೇಲೆ ಕಪ್ಪು ಬಟ್ಟೆ ಮುಟ್ದೋನಲ್ಲ. ಹಳದಿ ಮಾಡು."

"ಅದಕ್ಕೇನಂತೆ ಮಿಸ್ ಅರ್ಲೀನ್, ಹಳದೀನೇ ಮಾಡೋಣ."

ಅಂಗಿ ಬದಲಾದರೆ ಫೋಟೋದ ಫೈಲೂ ಬದಲಾಗಬೇಕೆಂಬುದು ಲವಾಂಡಾಳಿಗೆ ಹೊಳೆಯಲೇ ಇಲ್ಲ. ಎಷ್ಟು ವರ್ಷದ ಅನುಭವವಿದ್ದರೇನು, ಮರೆವು ಹೇಳಿಕೇಳಿ ಬರುತ್ತದೆಯೇ? ಬಣ್ಣಗಳ ಮೇಲೆ ಬಿಳಿ ಮಸಿಯ ಪದರ ಕೂರುವುದರಿಂದ ಫಿಲ್ಮಿನ ಮೇಲ್ಭಾಗದಲ್ಲಿ ಕಾಣುವುದು ಬರೀ ಬಿಳಿ. ತಪ್ಪು ಅಲ್ಲಿ ಕಣ್ಣಿಗೆ ಬೀಳುವ ಹಾಗಿರಲಿಲ್ಲ.

ಮಧ್ಯಾಹ್ನ ಅರ್ಲೀನ್ ತಾವೇ ಬಂದರು.

"ಮೊದಲ್ನೇದು ನನ್ ಮುಂದೆನೇ ಮಾಡು. ಮಗನ ಮುಖ ಮೊದ್ಲು ನಾನ್ ನೋಡ್ಬೇಕು."

ಲವಾಂಡಾ ಹಳದಿ ಅಂಗಿಯ ಮೇಲೆ ಫಿಲ್ಮ್ ಕವುಚಿ ಬಿಸಿ ಒತ್ತಿದಳು, ಆರಲು ಬಿಟ್ಟಳು, ಫಿಲ್ಮಿನ ತುದಿ ಹಿಡಿದು ಮೆಲ್ಲಗೆ ಬಿಡಿಸಿದಳು. ಹಲ್ಲು ಬಂತು, ಕೆನ್ನೆ ಬಂತು. ಮೀಸೆ ಹಳದಿ. ಹುಬ್ಬು ಹಳದಿ. ಕಣ್ಣಿರಬೇಕಾದ ಕಡೆ ಎರಡು ಹಳದಿ ತೂತು.

ಅಯ್ಯೋ ದೇವರೇ, ಹೆತ್ತವಳಿಗೆ ಇದನ್ನು ತೋರಿಸಿಬಿಟ್ಟೆನೇ! ಎರಡೂ ಅಂಗೈ ಚಿತ್ರದ ಮೇಲಿಟ್ಟು ಮುಚ್ಚಿದಳು. ಅರ್ಲೀನ್ ಆಗಲೇ ನೋಡಿಯಾಗಿತ್ತು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಬಿದ್ದೇಬಿಡುತ್ತಾರೆಂದು ಲವಾಂಡಾ ಕುರ್ಚಿ ಎಳೆದಳು, ಅವರು ಕೂರಲಿಲ್ಲ.

"ಯಾರ್ ಹೇಳಿದ್ರು ನಿಂಗೆ?"

"ಏನಮ್ಮಾ?"

"ಅವನ ಕಣ್ಣು ಕೊಟ್ಟೆ ಅಂತ." ದನಿ ಪಿಸುಗುಟ್ಟುವಷ್ಟೇ ಇತ್ತು. "ಆಸ್ಪತ್ರೇಲಿ ಕೇಳಿದ್ರು, ಇಬ್ರಿಗೆ ದೃಷ್ಟಿ ಬರುತ್ತೆ ಅಂದ್ರು. ಸಹಿ ಹಾಕ್ಬಿಟ್ಟೆ. ಪಾಸ್ಟರ್‌ಗೂ ಹೇಳಿಲ್ಲ, ಅವನ ಸೋದರತ್ತೆಯಂದಿರಿಗೂ ಹೇಳಿಲ್ಲ. ಮಗನ್ನ ಕುರುಡು ಮಾಡಿ ಕಳಿಸಿದ್ಲು ಅಂತ ಜನ ಮುಖಕ್ಕೆ ಉಗೀತಾರೆ. ಹೇಳು, ಯಾರ್ ಹೇಳಿದ್ರು?"

ಲವಾಂಡಾ ಮತ್ತೆ ಎರಡೂ ಕೈಯಿಂದ ಚಿತ್ರವನ್ನು ಮುಚ್ಚಿದಳು.

"ಯಾರೂ ಹೇಳ್ಲಿಲ್ಲ ಮಿಸ್ ಅರ್ಲೀನ್, ದೇವರಾಣೆ. ತಪ್ಪು ನಂದು. ಕಪ್ಪು ಅಳಿಸಿದ್ದೆ, ವಾಪಸ್ ಹಾಕೋಕೆ ಮರೆತೆ. ಅಷ್ಟೇ ಕಣಮ್ಮಾ."

ಅರ್ಲೀನ್ ಅವಳ ಕೈಗಳನ್ನು ಸರಿಸಿ, ಆ ಅಂಗಿಯನ್ನು ನೀಟಾಗಿ ಮಡಿಚಿ, ಕೋಟಿನೊಳಗೆ ಎದೆಗೆ ಒತ್ತಿಕೊಂಡರು.

"ಇದು ನನಗಿರ್ಲಿ," ಎಂದರು. "ಉಳಿದ ನಲವತ್ತೊಂದಕ್ಕೆ ಕಣ್ಣು ಹಾಕ್ಕೊಡು, ಮಗಳೇ."