ನಾಗೇಶನಿಗೆ ಬಿಟ್ಟ ಚೌಕಗಳು

ಮದ್ರಾಸಿನ ಇಂಗ್ಲಿಷ್ ಪತ್ರಿಕೆ ಮೂಡಿಗೆರೆಯವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಯಾರದೋ ಕೈಯಲ್ಲಿ ಜಾವಳಿಗೆ ತಲುಪುವಷ್ಟರಲ್ಲಿ ಅದರ ಸುದ್ದಿಯೆಲ್ಲ ಹಳಸಿರುತ್ತಿತ್ತು. ಶಿವಯ್ಯನವರಿಗೆ ಸುದ್ದಿ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಅದರಲ್ಲಿ ಬರುತ್ತಿದ್ದ ಪದಬಂಧ. ಬಿಳಿ ದೊರೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗ ಹಿಡಿದ ಹುಚ್ಚು, ಸ್ವಂತ ತೋಟ ಮಾಡಿದ ಮೇಲೂ ಬಿಟ್ಟಿರಲಿಲ್ಲ.

ಆದರೆ ಉತ್ತರವಾಗಿ ಯಾವನಾದರೂ ಸಾಹೇಬನ ಸರ್‌ನೇಮು ಕೇಳಿದರೆ ಸಾಕು, ಪೆನ್ಸಿಲ್ ಕೆಳಗಿಡುತ್ತಿದ್ದರು. ಇಟ್ಟ ಹೆಸರು ಸಾಲದೆಂದು ಅದಕ್ಕೊಂದು ಬಾಲ ಅಂಟಿಸಿಕೊಂಡು ತಿರುಗುವ ಜನರ ಗೊಡವೆ ತನಗೆ ಬೇಡ, ಅದು ಮೈಸೂರಿನಲ್ಲಿ ಕಾಲೇಜು ಓದಿದ ಮಗನ ಪಾಲು ಎನ್ನುತ್ತಿದ್ದರು. ಮಗ ನಾಗೇಶ ಒಮ್ಮೆ ತಪ್ಪು ಹೆಸರು ತುಂಬಿದಾಗ ಪತ್ರಿಕೆಯವನನ್ನೇ ದಡ್ಡನೆಂದು ಬೈದಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು, ಏನು ಮಾಡುವುದು!

ನಾಗೇಶ ಮಿಲಿಟರಿ ಸೇರಿ ಮಲಯಾಕ್ಕೆ ಹೋದ ಮೇಲೂ ಈ ಪಾಲು ತಪ್ಪಲಿಲ್ಲ. ಸರ್‌ನೇಮಿನ ಚೌಕಗಳನ್ನು ಖಾಲಿ ಬಿಟ್ಟು ಅಪ್ಪ ಪತ್ರಿಕೆಯನ್ನು ಅಂಚೆಗೆ ಹಾಕುವುದು, ಮಗ ತುಂಬಿ ವಾಪಸು ಕಳಿಸುವುದು. ಸಿಂಗಾಪುರ ಜಪಾನಿನವರ ಕೈಸೇರಿದಾಗ ಅಂಚೆ ನಿಂತುಹೋಯಿತು. ನಾಗೇಶ ಏನಾದನೆಂದು ಹೇಳುವವರೇ ಇಲ್ಲ. ಶಿವಯ್ಯನವರು ಮಾತ್ರ ಎಂದಿನಂತೆ ಆ ಚೌಕಗಳನ್ನು ಖಾಲಿ ಬಿಡುತ್ತ, ಪತ್ರಿಕೆಗಳನ್ನು ಅಟ್ಟದ ಮೇಲೆ ಇಡಿಸುತ್ತ ಬಂದರು.

ಅಟ್ಟ ಹತ್ತಿ ಅವನ್ನು ಇಡುತ್ತಿದ್ದವಳು ಸೊಸೆ ಗಿರಿಜಾಂಬಾ. ಚಿಕ್ಕಮಗಳೂರಿನಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದವಳು. ಮಿಕ್ಕ ಇಂಗ್ಲಿಷನ್ನು ಗಂಡನೇ ಕಲಿಸಿದ್ದ. ಸೇಬು ಬೀಳುವುದನ್ನು ಕಂಡು ಯೋಚನೆಗೆ ಬಿದ್ದವನು, ಆರು ಅಕ್ಷರ ಎಂದರೆ ನ್ಯೂಟನ್ ಎಂದು ಅವಳಿಗೆ ಥಟ್ಟನೆ ಹೊಳೆಯುತ್ತಿತ್ತು. ಆದರೂ ಬಾಯಿ ಬಿಡುತ್ತಿರಲಿಲ್ಲ. ಆ ಚೌಕ ತುಂಬಿದರೆ, ಅದನ್ನು ತುಂಬಬೇಕಾದವನು ಇನ್ನು ಬರುವುದಿಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ. ಅಷ್ಟು ಗಟ್ಟಿ ಎದೆ ಅವಳಿಗಿರಲಿಲ್ಲ, ಯಾಕಿರಬೇಕು? ದಿನ ಬೆಳಗಾದರೆ ಹಣೆಗೆ ಕುಂಕುಮ ಇಟ್ಟುಕೊಂಡು ಗಂಡನ ದಾರಿ ಕಾಯುತ್ತಿದ್ದಳು.

ಯುದ್ಧ ಮುಗಿದು, ತೋಟದಲ್ಲಿ ಕಾಫಿ ಹಣ್ಣಿನ ಕುಯ್ಲು ನಡೆಯುತ್ತಿದ್ದಾಗ ಆಲ್ದೂರಿನ ನಿಂಗಯ್ಯ ಬಂದ. ನಾಗೇಶನ ಜೊತೆ ಜಪಾನಿನವರ ಸೆರೆಯಲ್ಲಿದ್ದವನು. ಜಗಲಿಯ ಅಂಚಿನಲ್ಲಿ ಕೂತ. ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ.

"ಜ್ವರ ಬಂದಿತ್ತು ಅಯ್ಯಾ. ಔಷಧಿ ಇರ್ಲಿಲ್ಲ. ನನ್ ತೊಡೆ ಮೇಲೆ ತಲೆ ಇಟ್ಕಂಡೇ ಹೋದ್ರು."

ಶಿವಯ್ಯನವರು ಕಾಫಿ ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದರು. ಆಮೇಲೆ, "ಮಣ್ಣು ಮಾಡಿದ್ರೇನೋ?" ಎಂದರು.

"ನಾವೇ ಮಾಡಿದ್ವಿ. ಹಲಗೆ ನೆಟ್ಟು 'ಜಾವಳಿ' ಅಂತ ಬರ್ಸಿದೆ. ಮಿಲಿಟರಿ ಸೇರೋವಾಗ ಸರ್‌ನೇಮು ಹೇಳ್ಲೇಬೇಕು ಅಂದ್ರಂತೆ, ಊರ ಹೆಸ್ರು ಕೊಟ್ರಂತೆ. ಅಲ್ಲಿ ಎಲ್ರಿಗೂ ಅವ್ರು ಜಾವಳಿನೇ. ಕೊನೇಲಿ ನಾನು 'ನಾಗೇಶಣ್ಣಾ' ಅಂತ ಕರ್ದೆ ಅಯ್ಯಾ. ಕಣ್ಣು ಬಿಟ್ರು."

ಬಾಗಿಲ ಹಿಂದೆ ನಿಂತಿದ್ದ ಗಿರಿಜಾಂಬಾ ಅಲ್ಲೇ ಕುಸಿದು ಕೂತಳು. ಇಷ್ಟು ವರ್ಷ ಹಿಡಿದಿಟ್ಟಿದ್ದ ಅಳು ಕಟ್ಟೆಯೊಡೆಯಿತು.

ಕರ್ಮವೆಲ್ಲ ಮುಗಿದ ಮೇಲೂ ಪತ್ರಿಕೆ ಬಂತು. ಅದಕ್ಕೇನು ಗೊತ್ತು, ಯಾರ ಮನೆಯಲ್ಲಿ ಯಾರು ಹೋದರೆಂದು? ಶಿವಯ್ಯನವರು ತಮ್ಮ ಪಾಲಿನ ಚೌಕಗಳನ್ನು ತುಂಬಿ, ಪೆನ್ಸಿಲನ್ನು ಸೊಸೆಯ ಕಡೆ ಚಾಚಿದರು. ಉಗಿಯಂತ್ರದ ಸಾಹೇಬ, ನಾಲ್ಕು ಅಕ್ಷರ.

"ಬರಿ ಮಗಾ. ನಿಂಗೆ ಗೊತ್ತದೆ. ಪತ್ರಿಕೆ ನೋಡೋವಾಗೆಲ್ಲ ನಿನ್ನ ತುಟಿ ಅಲ್ಲಾಡ್ತಿತ್ತು."

ಗಿರಿಜಾಂಬಾ ತಲೆಯೆತ್ತಿದಳು. ಹಣೆ ಬೋಳಾಗಿತ್ತು. "ನಿಮ್ಗೆ ಗೊತ್ತಿಲ್ವಾ ಮಾವ?"

"ಅಷ್ಟು ವರ್ಷ ದೊರೆ ಹತ್ರ ಇದ್ದವ್ನಿಗೆ ವಾಟ್ ಸಾಹೇಬ ಗೊತ್ತಿರಲ್ವಾ? ಮೊದ್ಲಿಂದ್ಲೂ ಎಲ್ಲಾ ಗೊತ್ತಿತ್ತು." ಶಿವಯ್ಯನವರು ಅಟ್ಟದ ಕಡೆ ನೋಡಿದರು. "ಅಪ್ಪನಿಗೆ ತಿಳೀದೇ ಇರೋದು ತನಗೆ ತಿಳಿದದೆ ಅಂತ ಅವ್ನಿಗೆ ಎಷ್ಟು ಖುಷಿ ಆಗ್ತಿತ್ತು, ಗೊತ್ತಾ? ಅದಕ್ಕೇ ಬಿಡ್ತಿದ್ದೆ."

ಗಿರಿಜಾಂಬಾ ಪೆನ್ಸಿಲ್ ತೆಗೆದುಕೊಂಡಳು. ಅಳುತ್ತಲೇ ನಾಲ್ಕು ಅಕ್ಷರ ಬರೆದಳು.

"ಅಟ್ಟದ ಮೇಲಿನವನ್ನ ಮಾತ್ರ ಮುಟ್ಬೇಡ," ಎಂದರು ಶಿವಯ್ಯನವರು. "ಅವು ನಾಗೇಶನವು."