ರೇಂಜ್ ಇಲ್ಲದವರ ಸಂದರ್ಶನ

ಮಧ್ಯಾಹ್ನ ಎರಡು ಗಂಟೆಯೊಳಗೆ ಠೇವಣಿ ಬಾರದಿದ್ದರೆ ಕಂಪೆನಿ ಕೊಡುವ ಲ್ಯಾಪ್‌ಟಾಪೂ ಕೆಲಸವೂ ಬೇರೆಯವರಿಗೆ ಹೋಗುತ್ತದೆ ಎಂಬ ಸಂದೇಶವನ್ನು ಭವಿತಾ ಜೆರಾಕ್ಸ್ ಯಂತ್ರದ ಹಿಂದೆ ನಿಂತು ಆರನೇ ಸಲ ಓದಿದಳು. ಆಗ ಗಂಟೆ ಒಂದೂವರೆ.

ಕಡಬ ಪೇಟೆಯ ಈ ಅಂಗಡಿಯಲ್ಲಿ ಅವಳು ಮೂರು ವರ್ಷಗಳಿಂದ ಜನರ ಅರ್ಜಿ ತುಂಬಿಸುತ್ತಿದ್ದಾಳೆ. ಜಾರಿ ಬಿದ್ದು ಸೊಂಟ ಮುರಿದುಕೊಂಡ ಅಮ್ಮನ ಬಳಿ ಈಗ ಹಗಲೆಲ್ಲ ಒಬ್ಬರು ಬೇಕೇ ಬೇಕು. ಹಾಗಾಗಿ ಮನೆಯಿಂದಲೇ ಮಾಡುವ ಈ ಕೆಲಸ ತಪ್ಪಿದರೆ ಬೇರೆ ದಾರಿ ಅವಳಿಗೆ ಕಾಣುತ್ತಿರಲಿಲ್ಲ.

ಸಂದರ್ಶನ ನಡೆದದ್ದು ಬರೀ ವಾಟ್ಸಾಪ್ ಚಾಟಿಂಗ್‌ನಲ್ಲಿ. ಕಾಣಿಯೂರಿನ ಅವಳ ಮನೆಯಲ್ಲಿ ಹಟ್ಟಿಯ ಹಿಂದಿನ ದಿಣ್ಣೆ ಹತ್ತಿದರೆ ಮಾತ್ರ ರೇಂಜ್. ಅದನ್ನು ತಿಳಿಸಿದಾಗ ಆಚೆಯವರು, "ಚಿಂತೆ ಬೇಡ, ನಿಮಗೋಸ್ಕರ ಬರೆದೇ ಮಾತಾಡೋಣ" ಎಂದಿದ್ದರು. ಮಾತು ಕಡಿದು ಹೋಗುತ್ತದೆಂದು ಈ ಹಿಂದೆ ಎರಡು ಕಂಪೆನಿಗಳು ಅವಳನ್ನು ಅರ್ಧದಲ್ಲೇ ಕೈಬಿಟ್ಟಿದ್ದವು. ಆ ಒಂದು ಸಾಲಿಗೆ ಅವಳ ಕಣ್ಣು ತುಂಬಿತ್ತು.

"ಎಂತ ಮಾರಾಯ್ತಿ, ಆ ಫೋನು ಮೊಟ್ಟೆ ಇಟ್ಟಿದೆಯಾ? ಆಗಿಂದ ಕಾವು ಕೊಡ್ತಾ ಇದ್ದಿ," ಎಂದರು ಅಂಗಡಿಯ ಯಜಮಾನ ಮೂಸಕುಂಞಿ. "ನೀನು ಬಿಡುದಾದ್ರೆ ಇವತ್ತೇ ಹೇಳು. ಆ ಜಾಗಕ್ಕೆ ನಮ್ಮ ಅಣ್ಣನ ಮಗಳು ಶಹನಾ ಕೇಳ್ತಾ ಇದ್ದಾಳೆ."

"ಎರಡು ಗಂಟೆಗೆ ಹೇಳ್ತೇನೆ, ಕಾಕ."

ಅಷ್ಟರಲ್ಲಿ ಒಬ್ಬಳು ಹುಡುಗಿ ಏದುಸಿರು ಬಿಡುತ್ತ ಒಳಗೆ ಬಂದಳು. ಹೆಸರು ಯಶಸ್ವಿ, ಊರು ನರಿಮೊಗರು, ಅಕ್ಕನ ಮನೆಗೆಂದು ಬಂದವಳು. "ಅಕ್ಕಾ, ಒಂದು ಕಲರ್ ಪ್ರಿಂಟ್. ಕೆಲಸ ಸಿಕ್ಕಿತು, ಅಪ್ಪನಿಗೆ ತೋರಿಸ್ಲಿಕ್ಕೆ!"

ಅವಳು ವಾಟ್ಸಾಪಿನಲ್ಲಿ ಕಳಿಸಿದ ನೇಮಕಾತಿ ಪತ್ರವನ್ನು ಭವಿತಾ ತೆರೆದಳು. ಅದೇ ಕಂಪೆನಿ, ಅದೇ ನೀಲಿ ಸಹಿ. ಹೆಸರು ಮಾತ್ರ ಬೇರೆ. ಭವಿತಾಳಿಗೆ ಬಂದ ಪತ್ರದಲ್ಲಿದ್ದ, ಅವಳಿಗೆ ಬಾಯಿಪಾಠವಾಗಿದ್ದ ಉದ್ಯೋಗಿ ಸಂಖ್ಯೆಯೇ ಈ ಹುಡುಗಿಯ ಹೆಸರಿನ ಕೆಳಗೆ ಕೂತಿತ್ತು.

"ನಿನ್ನ ಇಂಟರ್‌ವ್ಯೂ ಕೂಡ ಚಾಟಿಂಗ್‌ನಲ್ಲೇ ಆದದ್ದಾ? ನಿಮ್ಮಲ್ಲೂ ರೇಂಜ್ ಇಲ್ವಾ?"

"ಎಂತಕ್ಕೆ ಇಲ್ಲ? ಮನೆಯಲ್ಲಿ ವೈಫೈ ಉಂಟು. ಇಂಟರ್‌ವ್ಯೂ ಮಾಡಿದ ಸಾರ್‌ಗೆ ಗಂಟಲು ಸರಿ ಇಲ್ಲ ಅಂತೆ, ಅದಕ್ಕೆ ಚಾಟಿಂಗ್."

ಭವಿತಾ ತನ್ನ ಫೋನು ತೆಗೆದಳು. ಆಚೆಯವರಿಗೆ ಕರೆ ಮಾಡಿದಳು, ಕತ್ತರಿಸಿದರು. ಮತ್ತೆ ಮಾಡಿದಳು. "ಮೀಟಿಂಗ್‌ನಲ್ಲಿದ್ದೇವೆ. ಇಪ್ಪತ್ತು ನಿಮಿಷ ಉಳಿದಿದೆ" ಎಂಬ ಉತ್ತರ ಬಂತು. ಸಂಖ್ಯೆ ಕಣ್ತಪ್ಪಿನಿಂದ ಹಾಗೆ ಬಿದ್ದಿದ್ದರೆ? ಅನುಮಾನಪಟ್ಟೇ ಕೆಲಸ ಕಳೆದುಕೊಂಡರೆ? ಹೆಬ್ಬೆರಳು ಹಣ ಕಳಿಸುವ ಗುಂಡಿಯ ಮೇಲೇ ಇತ್ತು.

ಆಮೇಲೆ ಹೊಳೆಯಿತು. ಕಂಪೆನಿಯ ಜಾಲತಾಣ ಹುಡುಕಿ, ಅಲ್ಲಿದ್ದ ನಂಬರಿಗೆ ಅಂಗಡಿಯ ಫೋನಿನಿಂದ ಕರೆ ಮಾಡಿದಳು. ಆಚೆಯ ಹೆಂಗಸು ಬೇಸತ್ತ ದನಿಯಲ್ಲಿ ಹೇಳಿದರು: "ಅಂಥ ಕೆಲಸವೇ ನಮ್ಮಲ್ಲಿಲ್ಲ. ನಾವು ಯಾರಲ್ಲೂ ದುಡ್ಡು ಕೇಳೋದಿಲ್ಲಮ್ಮ. ಈ ವಾರ ನೀವು ಹನ್ನೊಂದನೆಯವರು."

ಭವಿತಾ ಫೋನಿಟ್ಟು ಯಶಸ್ವಿಯ ಕಡೆ ತಿರುಗಿದಳು. "ಇದು ಮೋಸ ಮಾರಾಯ್ತಿ. ನೀನು ಹಣ ಹಾಕಿದ್ಯಾ?"

"ಬೆಳಿಗ್ಗೆಯೇ," ಎಂದ ಯಶಸ್ವಿಯ ಮುಖ ಬಿಳಿಚಿತು.

"ಅಳುದು ಆಮೇಲೆ," ಎಂದು ಮೂಸಕುಂಞಿ ಎದ್ದರು. "ಮೊದಲು 1930ಕ್ಕೆ ಫೋನ್ ಮಾಡು. ಆನ್‌ಲೈನ್ ಮೋಸದ ದೂರಿಗೆ ಇರುವ ಸೈಬರ್‌ನವರ ನಂಬರು ಅದು. ಮತ್ತೆ ಸೀದಾ ಬ್ಯಾಂಕಿಗೆ." ಭವಿತಾಳನ್ನು ನೋಡಿದರು. "ನೀನು ಎಂತೆಲ್ಲ ಕಳಿಸಿದ್ದಿ?"

"ಆಧಾರ್, ಪಾಸ್‌ಬುಕ್, ಸಹಿ." ಭವಿತಾ ಒಂದೊಂದಾಗಿ ಬೆರಳು ಮಡಿಸಿದಳು. "ಹಣ ಕಳಿಸ್ಲಿಲ್ಲ. ಕಾಕ, ನಾನು ಅಂಗಡಿ ಬಿಡುದಿಲ್ಲ."

"ಬಿಡು ಅಂತ ಯಾರು ಹೇಳಿದ್ರು? ಈಗ ಇವಳ ಒಟ್ಟಿಗೆ ನೀನೂ ಹೋಗು."

ಬ್ಯಾಂಕಿನಲ್ಲಿ ಯಶಸ್ವಿಯ ದೂರು ಬರೆಯುತ್ತಿದ್ದಾಗ ಭವಿತಾಳ ಫೋನು ಅದುರಿತು. "ಅಭಿನಂದನೆಗಳು! ನಿಮಗಾಗಿ ಅವಧಿಯನ್ನು ನಾಲ್ಕು ಗಂಟೆಯವರೆಗೆ ವಿಸ್ತರಿಸಲಾಗಿದೆ."

"ಅಕ್ಕಾ, ಅಪ್ಪನಿಗೆ ಎಂತ ಹೇಳುದು?" ಎಂದು ಯಶಸ್ವಿ ಪಿಸುಗುಟ್ಟಿದಳು.

ಸೋಮವಾರದಿಂದ ಮಗಳು ಮನೆಯಲ್ಲೇ ಇರುತ್ತಾಳೆಂದು ಭವಿತಾಳ ಅಮ್ಮ ಆಗಲೇ ಊರಿಗೆಲ್ಲ ಹೇಳಿಯಾಗಿತ್ತು. ಭವಿತಾ ಆ ನಂಬರನ್ನು ಬ್ಲಾಕ್ ಮಾಡಿ, ತನ್ನ ಖಾತೆಯನ್ನು ತಡೆಹಿಡಿಸಲೂ ಒಂದು ಅರ್ಜಿ ಕೇಳಿದಳು.